ಸೂರ್ಯನನ್ನು ನೋಡುವ ದೂರದರ್ಶಕ
(ಹರದನಹಳ್ಳಿಯಲ್ಲಿ ಉಪಾಧ್ಯಾಯರ ಹಾಗೂ ಗ್ರಾಮಸ್ಥರ ಮುಂದೆ ಮಾಡಿದ ಭಾಷಣ)



ತೋಂಟದ ಸಿದ್ಧಲಿಂಗ ಯತಿಗಳ ಹೆಸರಿನೊಡನೆ ಬೆಸೆದುಕೊಂಡಿರುವ ಈ ಹರದನಹಳ್ಳಿಯಲ್ಲಿ, ದಿವ್ಯಲಿಂಗೇಶ್ವರನ ಗುಡಿಯ ಸಮೀಪದಲ್ಲಿ ನಿಂತು ಮಾತನಾಡುವವನು ಪೂರ್ವಕಾಲದ ಕೀರ್ತಿಯನ್ನು ಕುರಿತೇ ಹೇಳಬೇಕೆಂದು ಸಭಿಕರು ನಿರೀಕ್ಷಿಸುವುದು ಸಹಜ. ನಾನಾದರೋ ಈ ಹೊತ್ತು ನಿಮ್ಮ ಗಮನವನ್ನು ಆ ಗುಡಿಯ ಮೇಲೆ ದಿನವೂ ಹಾದುಹೋಗುವ ಸೂರ್ಯನ ಕಡೆಗೆ ತಿರುಗಿಸಬೇಕೆಂದು ಬಂದಿದ್ದೇನೆ. ಶಾಲೆಗೊಂದು ದೂರದರ್ಶಕವನ್ನು ಕೊಳ್ಳಬೇಕು, ರಾತ್ರಿ ಚಂದ್ರನನ್ನೂ ಗುರುವನ್ನೂ ತೋರಿಸುವಂತೆ ಹಗಲಿನಲ್ಲಿ ಸೂರ್ಯನನ್ನೂ ಮಕ್ಕಳಿಗೆ ತೋರಿಸಬೇಕು ಎಂಬ ಆಸೆ ಉಪಾಧ್ಯಾಯರಲ್ಲಿ ಹುಟ್ಟಿದರೆ ಅದಕ್ಕಿಂತ ಶ್ಲಾಘ್ಯವಾದ ಆಸೆ ಮತ್ತೊಂದಿಲ್ಲ. ಆದರೆ ಇತರ ಯಾವ ಆಕಾಶವಸ್ತುವನ್ನು ನೋಡುವುದರಲ್ಲಿಯೂ ಇಲ್ಲದ ಒಂದು ಅಪಾಯ ಸೂರ್ಯನನ್ನು ನೋಡುವುದರಲ್ಲಿದೆ. ಚಂದ್ರನನ್ನು ತಪ್ಪಾಗಿ ನೋಡಿದವನಿಗೆ ಚಂದ್ರನು ಕಾಣದೆ ಹೋಗುತ್ತಾನೆ, ಅಷ್ಟೇ. ಸೂರ್ಯನನ್ನು ತಪ್ಪಾಗಿ ನೋಡಿದವನಿಗೆ ಮುಂದೆ ಏನೂ ಸರಿಯಾಗಿ ಕಾಣದೆ ಹೋಗಬಹುದು.

2019ನೆಯ ಇಸವಿ ಡಿಸೆಂಬರ್ 26ರ ಬೆಳಗ್ಗೆ ನಡೆದ ಕಂಕಣ ಸೂರ್ಯಗ್ರಹಣವು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಅದರ ಪಥವು ಕಾಸರಗೋಡು, ವಯನಾಡು, ಉದಕಮಂಡಲ, ಕೊಯಮತ್ತೂರುಗಳ ಮೇಲೆ ಸಾಗಿತು. ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆ ಆ ಪಥದ ನೆರೆಯಲ್ಲಿಯೇ ಇದ್ದುದರಿಂದ ಇಲ್ಲಿಯೂ ಸೂರ್ಯಬಿಂಬದ ಬಹುಭಾಗವು ಮರೆಯಾಯಿತು. ಇಂತಹ ದಿನಗಳಲ್ಲಿ ನಮ್ಮ ಜನರು ಎರಡು ಬಗೆಯಾಗಿ ನಡೆದುಕೊಳ್ಳುವುದನ್ನು ನೋಡುತ್ತೇವೆ. ಕೆಲವರು ಬಾಗಿಲು ಹಾಕಿಕೊಂಡು, ತಟ್ಟೆಯಲ್ಲಿ ಒನಕೆಯನ್ನು ನಿಲ್ಲಿಸಿ, ಗ್ರಹಣ ಬಿಡುವವರೆಗೂ ಒಳಗೆ ಕುಳಿತಿರುತ್ತಾರೆ. ಮತ್ತೆ ಕೆಲವರು ಎಕ್ಸರೇ ಹಾಳೆಯನ್ನೋ ಮಸಿ ಹಿಡಿಸಿದ ಗಾಜನ್ನೋ ಕಣ್ಣಿಗೆ ಹಿಡಿದು ಬೀದಿಯಲ್ಲಿ ನಿಲ್ಲುತ್ತಾರೆ. ಮೊದಲಿನವರು ನೋಡತಕ್ಕದ್ದನ್ನು ಕಳೆದುಕೊಳ್ಳುವರು. ಎರಡನೆಯವರು ನೋಡುವ ಕಣ್ಣನ್ನೇ ಕಳೆದುಕೊಳ್ಳಬಹುದು. ಭಯವೂ ಬೇಡ, ಉಡಾಫೆಯೂ ಬೇಡ, ಬೇಕಾದುದು ತಿಳಿವಳಿಕೆ.

ಸೂರ್ಯವೀಕ್ಷಣೆಯ ಸಾಮಗ್ರಿಯನ್ನು ಆರಿಸುವಾಗ ‘ಎಷ್ಟು ದೊಡ್ಡ ದೂರದರ್ಶಕ?’ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯ ಪ್ರಶ್ನೆ, ‘ಬೆಳಕನ್ನು ಎಲ್ಲಿ ತಡೆಯುತ್ತೇವೆ?’ ಎಂಬುದು. ಇಂದಿನ ನನ್ನ ಮಾತೆಲ್ಲವೂ ಈ ಒಂದು ಪ್ರಶ್ನೆಯ ವಿವರಣೆಯೇ ಆಗಿದೆ.

ಮಸೂರದ ದೂರದರ್ಶಕವು, ಅಂದರೆ ನಮ್ಮ ಹಿರಿಯರು ದುರ್ಬೀನು ಎಂದು ಕರೆಯುತ್ತಿದ್ದ ಯಂತ್ರವು, ಎರಡು ಕೆಲಸಗಳನ್ನು ಮಾಡುವುದು. ಮುಂದಿನ ವಸ್ತುಮಸೂರವು ಬೆಳಕನ್ನು ಒಟ್ಟುಗೂಡಿಸಿ ಹಿಂದೆ ಒಂದು ಬಿಂಬವನ್ನು ಮೂಡಿಸುವುದು. ಹಿಂದಿನ ನೇತ್ರಮಸೂರವು ಆ ಬಿಂಬವನ್ನು ಹಿಗ್ಗಿಸಿ ಕಣ್ಣಿಗೆ ತೋರಿಸುವುದು. ಬಿಸಿಲಿನಲ್ಲಿ ನಮ್ಮ ಕಣ್ಣಪಾಪೆಯ ರಂಧ್ರ ಸುಮಾರು 3 ಮಿಲಿಮೀಟರ್ ಅಗಲವೆಂದು ಇಟ್ಟುಕೊಳ್ಳೋಣ. 60 ಮಿಲಿಮೀಟರ್ ವ್ಯಾಸದ ಚಿಕ್ಕ ದೂರದರ್ಶಕವು ಅದರ 20ರಷ್ಟು ಅಗಲ. ಆದುದರಿಂದ ಅದು ಕೂಡಿಸುವ ಬೆಳಕು 400ರಷ್ಟು. ಬರಿಗಣ್ಣಿನಲ್ಲಿ ಸೂರ್ಯನ ಬಿಂಬವು ನಮ್ಮ ಅಕ್ಷಿಪಟಲದ ಮೇಲೆ ಒಂದು ಮಿಲಿಮೀಟರಿನ ಆರನೆಯ ಒಂದು ಭಾಗದಷ್ಟು ಮಾತ್ರ ಇರುವುದು. 36 ಪಟ್ಟು ಹಿಗ್ಗಿಸಿ ನೋಡಿದರೆ ಅದೇ ಬಿಂಬವು 5 ಮಿಲಿಮೀಟರನ್ನು ಮೀರಿ, ಅಕ್ಷರವನ್ನೂ ಮುಖವನ್ನೂ ಗುರುತಿಸಲು ಬೇಕಾದ ನಡುಭಾಗವನ್ನೆಲ್ಲ ಮುಚ್ಚಿಬಿಡುವುದು. ಚಿಕ್ಕ ಚುಕ್ಕೆಯಾದರೆ ಅದರ ಕಾವು ಸುತ್ತಲಿನ ಭಾಗಕ್ಕೆ ಹರಡಿಹೋಗಲು ಅವಕಾಶವುಂಟು. ಇಷ್ಟಗಲ ಬಿದ್ದ ಕಾವಿಗೆ ಹೋಗಲು ದಾರಿಯಿಲ್ಲ. ಇನ್ನೂ ಘೋರವಾದ ಸಂಗತಿಯೆಂದರೆ, ಅಕ್ಷಿಪಟಲಕ್ಕೆ ನೋವನ್ನು ತಿಳಿಸುವ ನರಗಳಿಲ್ಲ. ಕೈಗೆ ಕೆಂಡ ತಗುಲಿದರೆ ಕೈ ತಾನಾಗಿ ಹಿಂದಕ್ಕೆ ಬರುವುದು. ಕಣ್ಣು ಸುಡುವಾಗ ಯಾವ ಎಚ್ಚರಿಕೆಯೂ ಇಲ್ಲ. ಕೆಲವು ಗಂಟೆಗಳು ಕಳೆದ ಮೇಲೆ ದೃಷ್ಟಿಯ ನಡುವೆ ಕಪ್ಪು ಮಚ್ಚೆ ನಿಂತಾಗಲೇ ಆದುದು ತಿಳಿಯುವುದು.

ಈಗ ಯಾವುದು ಸಲ್ಲದು ಎಂಬುದನ್ನು ಮೊದಲು ಹೇಳುತ್ತೇನೆ. ಮಸಿಯ ಗಾಜು, ಎಕ್ಸರೇ ಹಾಳೆ, ಕಪ್ಪು ಕನ್ನಡಕ ಇವು ಕಣ್ಣಿಗೆ ಕಾಣುವ ಬೆಳಕನ್ನು ಮಂಕಾಗಿಸಿದರೂ ಕಣ್ಣಿಗೆ ಕಾಣದ ಕಿರಣಗಳನ್ನು ನಂಬಿಕೆಯಾಗಿ ತಡೆಯಲಾರವು. ಬೋಗುಣಿಯಲ್ಲಿ ನೀರಿಟ್ಟು, ಅರಿಸಿನವನ್ನೋ ಸಗಣಿಯನ್ನೋ ಕದಡಿ, ಅದರಲ್ಲಿ ಸೂರ್ಯನ ಪ್ರತಿಬಿಂಬವನ್ನು ನೋಡುವ ಪದ್ಧತಿ ನಮ್ಮಲ್ಲಿದೆ. ಸೂರ್ಯನು ನೆತ್ತಿಯ ಮೇಲಿರುವಾಗಲೂ ನೀರಿನ ಮೇಲ್ಮೈ ನೂರಕ್ಕೆ 2 ಪಾಲಿನಷ್ಟು ಬೆಳಕನ್ನು ಹಿಂದಿರುಗಿಸುವುದು. ಸೂರ್ಯನು ಕೆಳಗಿಳಿದಂತೆ ಆ ಪಾಲು ಹೆಚ್ಚುವುದು. ಗ್ರಹಣದ ಕನ್ನಡಕಗಳಿಗೆ ಇರುವ ಐಎಸ್‌ಒ 12312-2 ಎಂಬ ಅಂತರರಾಷ್ಟ್ರೀಯ ಮಾನಕವು ನೂರಕ್ಕೆ 0.0032 ಪಾಲಿಗಿಂತ ಹೆಚ್ಚು ಬೆಳಕನ್ನು ಬಿಡಕೂಡದೆಂದು ವಿಧಿಸುತ್ತದೆ. ಹೋಲಿಸಿ ನೋಡಿದರೆ ನೀರಿನ ಪ್ರತಿಬಿಂಬವು ಅನುಮತಿಸಿದ ಮಿತಿಯ 600 ಪಟ್ಟಿಗೂ ಮಿಗಿಲು. ಅರಿಸಿನವು ನೀರಿನ ಒಳಗನ್ನು ಕದಡುವುದೇ ಹೊರತು ಮೇಲಿನ ಹೊಳಪನ್ನು ಕಡಮೆ ಮಾಡುವುದಿಲ್ಲ.

ಗ್ರಹಣದ ಕನ್ನಡಕವೂ ಬರಿಗಣ್ಣಿಗೆ ಮಾತ್ರ ತಕ್ಕದ್ದು. ಅದನ್ನು ಹಾಕಿಕೊಂಡು ದೂರದರ್ಶಕದೊಳಗೆ ನೋಡಿದರೆ, ಒಟ್ಟುಗೂಡಿದ ಕಿರಣಗಳು ಆ ತೆಳುಹಾಳೆಯನ್ನು ಕ್ಷಣಾರ್ಧದಲ್ಲಿ ಸುಟ್ಟು ಕಣ್ಣನ್ನು ತಲುಪುವುವು. ಅಗ್ಗದ ದೂರದರ್ಶಕಗಳ ಪೆಟ್ಟಿಗೆಯಲ್ಲಿ ಕೆಲವು ವೇಳೆ ನೇತ್ರಮಸೂರಕ್ಕೆ ತಿರುಪಿ ಹಾಕುವ ಕಪ್ಪು ಗಾಜಿನ ಪುಟ್ಟ ಬಿಲ್ಲೆಯೊಂದು ಇರುವುದು; ಅದರ ಮೇಲೆ ‘ಸೂರ್ಯ’ ಎಂಬರ್ಥದ ಇಂಗ್ಲಿಷ್ ಮಾತು ಕೆತ್ತಿರುವುದು. ಅದನ್ನು ನೋಡಿದವರು ಸಾಮಗ್ರಿ ಪೂರ್ಣವಾಯಿತೆಂದು ಹಿಗ್ಗುವರು. ಮಹನೀಯರೇ, ಇದಕ್ಕಿಂತ ಮೋಸದ ವಸ್ತು ಮತ್ತೊಂದಿಲ್ಲ. ಕಿರಣಗಳು ಒಂದೆಡೆ ಸೇರುವ ಜಾಗದ ಬಳಿಯಲ್ಲಿಯೇ ಅದು ಕುಳಿತಿರುವುದರಿಂದ ಎಲ್ಲ ಕಾವೂ ಅದರ ಮೇಲೆ ಬೀಳುವುದು. ಕಾದ ಗಾಜು ಹಠಾತ್ತಾಗಿ ಸೀಳುವುದು. ಆ ಗಳಿಗೆಯಲ್ಲಿ ಕಣ್ಣು ಅಲ್ಲಿಯೇ ಇರುವುದು. ಅಂತಹ ಬಿಲ್ಲೆ ಸಿಕ್ಕಿದರೆ ಯಾರ ಕೈಗೂ ಹೋಗದಂತೆ ಒಡೆದು ಹಾಕತಕ್ಕದ್ದು.

ಹಾಗಾದರೆ ಸಲ್ಲುವ ಮಾರ್ಗಗಳಾವುವು? ನಾಲ್ಕು ಇವೆ, ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು ಬಿಂಬವನ್ನು ಬಿಳಿಯ ಹಲಗೆಯ ಮೇಲೆ ಬೀಳಿಸಿ ನೋಡುವ ಮಾರ್ಗ. 1612ರಲ್ಲಿ ಗೆಲಿಲಿಯೋ ತನ್ನ ಶಿಷ್ಯನಾದ ಕಾಸ್ಟೆಲ್ಲಿಯ ಯುಕ್ತಿಯಂತೆ ಸೂರ್ಯನ ಕಲೆಗಳನ್ನು ಬರೆದುಕೊಂಡುದು ಹೀಗೆಯೇ. ಇಲ್ಲಿ ಯಾರೂ ದೂರದರ್ಶಕದೊಳಗೆ ಕಣ್ಣಿಡುವುದಿಲ್ಲ. 900 ಮಿಲಿಮೀಟರ್ ಸಂಗಮದೂರದ ಮಸೂರವು ಸುಮಾರು 8 ಮಿಲಿಮೀಟರ್ ಅಗಲದ ಸೂರ್ಯಬಿಂಬವನ್ನು ಮೂಡಿಸುವುದು. 25 ಮಿಲಿಮೀಟರಿನ ನೇತ್ರಮಸೂರವನ್ನು ಹಾಕಿ ಅದರಿಂದ 30 ಸೆಂಟಿಮೀಟರ್ ಹಿಂದೆ ಹಲಗೆಯನ್ನು ಹಿಡಿದರೆ ಸುಮಾರು 9 ಸೆಂಟಿಮೀಟರ್ ಅಗಲದ ಬಿಂಬವು ಬೀಳುವುದು. ಹತ್ತು ಮಂದಿ ಒಟ್ಟಿಗೆ ನೋಡಬಹುದು, ಪೆನ್ಸಿಲಿನಿಂದ ಕಲೆಗಳನ್ನು ಗುರುತುಮಾಡಬಹುದು. ಆದರೆ ಇದರಲ್ಲಿ ಎರಡು ಎಚ್ಚರಿಕೆಗಳು ಬೇಕು. ದೂರದರ್ಶಕದ ಒಳಗೆ ಪೂರ್ಣ ಕಾವು ಹರಿಯುವುದರಿಂದ ಪ್ಲಾಸ್ಟಿಕ್ಕಿನ ಭಾಗಗಳು ಕರಗುವುವು, ಅಂಟು ಹಾಕಿ ಜೋಡಿಸಿದ ನೇತ್ರಮಸೂರಗಳು ಕೆಡುವುವು. ಅಂಟಿಲ್ಲದ ಹೈಗೆನ್ಸ್ ಅಥವಾ ರಾಮ್ಸ್‌ಡೆನ್ ಬಗೆಯ ಸಾದಾ ನೇತ್ರಮಸೂರವನ್ನೇ ಬಳಸಬೇಕು, ದೂರದರ್ಶಕವು ದೊಡ್ಡದಾದರೆ ಮುಂದೆ ರಟ್ಟಿನ ತಟ್ಟೆಯನ್ನಿಟ್ಟು ಬಾಯಿಯನ್ನು 50 ಅಥವಾ 60 ಮಿಲಿಮೀಟರಿಗೆ ಕಿರಿದು ಮಾಡಬೇಕು. ಎರಡನೆಯದಾಗಿ, ಹಲಗೆಯನ್ನು ನೋಡುತ್ತಿರುವ ಗುಂಪಿನಲ್ಲಿ ಒಂದು ಮಗು ಕುತೂಹಲದಿಂದ ನೇತ್ರಮಸೂರಕ್ಕೇ ಕಣ್ಣಿಟ್ಟುಬಿಟ್ಟರೆ ತಡೆಯುವುದೇನೂ ಇಲ್ಲ. ಆದುದರಿಂದ ನೇತ್ರಮಸೂರದಿಂದ ಹಲಗೆಯವರೆಗೆ ಕಣ್ಣು ತೂರದಂತೆ ರಟ್ಟಿನ ಪೆಟ್ಟಿಗೆಯನ್ನು ಕಟ್ಟಿ, ಪಕ್ಕದಿಂದ ಮಾತ್ರ ಬಿಂಬವು ಕಾಣುವಂತೆ ಮಾಡಬೇಕು.

ಎರಡನೆಯದು ದೂರದರ್ಶಕದ ಮುಂಬಾಯಿಗೆ ಸೌರ ಫಿಲ್ಟರನ್ನು ಹಾಕುವ ಮಾರ್ಗ. ಬೆಳಕು ಮಸೂರದೊಳಗೆ ಹೋಗುವುದಕ್ಕೆ ಮೊದಲೇ, ಒಟ್ಟುಗೂಡುವುದಕ್ಕೆ ಮೊದಲೇ, ಕಾವಾಗುವುದಕ್ಕೆ ಮೊದಲೇ ಅದನ್ನು ತಡೆಯುವುದು ಇದರ ಗುಣ. ಲೋಹದ ಲೇಪವಿರುವ ವಿಶೇಷ ಫಿಲ್ಮು ಇದಕ್ಕೆ ದೊರೆಯುವುದು. ಬಾಡರ್ ಸಂಸ್ಥೆಯ ಆಸ್ಟ್ರೋಸೋಲಾರ್ ಎಂಬುದು ಪ್ರಸಿದ್ಧವಾದುದು. ಕೊಳ್ಳುವಾಗ ಅದರ ಸಾಂದ್ರತೆಯ ಅಂಕೆಯನ್ನು ಓದತಕ್ಕದ್ದು. 5 ಎಂದಿದ್ದರೆ ಲಕ್ಷಕ್ಕೆ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುವುದು. ಕಣ್ಣಿನಿಂದ ನೋಡಲು ಇದೇ ಬೇಕು. 3.8 ಎಂದಿದ್ದರೆ ಅದು ಕ್ಯಾಮರಾಗಳಿಗಾಗಿ ಮಾಡಿದುದು, ಸುಮಾರು 16 ಪಟ್ಟು ಹೆಚ್ಚು ಬೆಳಕನ್ನು ಬಿಡುವುದು; ಕಣ್ಣಿಗೆ ಸಲ್ಲದು. ಎರಡೂ ನೋಡಲು ಒಂದೇ ತೆರನಾಗಿರುವುದರಿಂದ ಅಂಗಡಿಯವರ ಮಾತಿನ ಮೇಲೆ ಭಾರ ಹಾಕದೆ ಅಂಕೆಯನ್ನೇ ನೋಡಬೇಕು. ಫಿಲ್ಮನ್ನು ರಟ್ಟಿನ ಬಳೆಗೆ ಜೋಡಿಸುವಾಗ ತಮಟೆಯ ಚರ್ಮದಂತೆ ಬಿಗಿದು ಎಳೆಯಬಾರದು. ಅಲ್ಪಸ್ವಲ್ಪ ಸುಕ್ಕಿದ್ದರೆ ಬಿಂಬವು ಕೆಡುವುದಿಲ್ಲ, ಎಳೆದರೆ ಕೆಡುವುದು.

ಮೂರನೆಯದು ಹರ್ಷೆಲ್ ಬೆಣೆ. ಇದು ಬೆಣೆಯಾಕಾರದ ಗಾಜಿನ ತುಂಡು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 5 ಪಾಲನ್ನು ಕಣ್ಣಿನ ಕಡೆಗೆ ತಿರುಗಿಸಿ, ಉಳಿದುದನ್ನೆಲ್ಲ ಹಿಂದಿನ ಕಾವಿನ ಬಲೆಗೆ ಸಾಗಿಸುವುದು. ಆ 5 ಪಾಲೂ ಅಪಾಯಕರವೇ ಆದುದರಿಂದ ಅದರ ಹಿಂದೆ ಮತ್ತೊಂದು ದಟ್ಟವಾದ ಫಿಲ್ಟರು ಇದ್ದೇ ತೀರಬೇಕು. ಮಸೂರದ ದೂರದರ್ಶಕಕ್ಕೆ ಮಾತ್ರ ಇದು ಸಲ್ಲುವುದು. ಕನ್ನಡಿಯ ದೂರದರ್ಶಕಕ್ಕಾಗಲಿ, ಹಿಂಭಾಗದಲ್ಲಿ ಹೆಚ್ಚಿನ ಮಸೂರಗಳುಳ್ಳವಕ್ಕಾಗಲಿ ಹಾಕಬಾರದು. ಇದು ತೋರಿಸುವ ಬಿಂಬದ ಸೂಕ್ಷ್ಮತೆಯನ್ನು ಬಲ್ಲವರು ಬಹಳ ಹೊಗಳುವರು. ಆದರೆ ಇಲ್ಲಿಯೂ ಪೂರ್ಣ ಕಾವು ಕೊಳವೆಯೊಳಗೆ ಹರಿಯುವುದು. ಪಳಗಿದ ಒಬ್ಬ ವೀಕ್ಷಕನ ಕೈಯಲ್ಲಿ ಇದು ಒಳ್ಳೆಯ ಆಯುಧ. ಐವತ್ತು ಮಕ್ಕಳ ಸಾಲಿಗೆ ತಕ್ಕುದಲ್ಲ.

ನಾಲ್ಕನೆಯದು ಹೈಡ್ರೋಜನ್ ಆಲ್ಫಾ ದೂರದರ್ಶಕ. ಸೂರ್ಯನ ಹೈಡ್ರೋಜನ್ ಅನಿಲವು ಹೊರಸೂಸುವ 656.3 ನ್ಯಾನೋಮೀಟರಿನ ಕೆಂಪು ಬೆಳಕನ್ನು ಮಾತ್ರ, ಅದರಲ್ಲಿಯೂ ಒಂದು ನ್ಯಾನೋಮೀಟರಿನ ಹತ್ತನೆಯ ಒಂದು ಪಾಲಿಗಿಂತ ಕಿರಿದಾದ ಪಟ್ಟಿಯನ್ನು ಮಾತ್ರ, ಇದು ಒಳಗೆ ಬಿಡುವುದು. ಬಿಂಬದ ಅಂಚಿನಿಂದ ಏಳುವ ಅಗ್ನಿಜ್ವಾಲೆಗಳನ್ನು ಇದರಿಂದ ಕಾಣಬಹುದು. ಇದರ ಬೆಲೆ ಹಳ್ಳಿಯ ಶಾಲೆಯ ಶಕ್ತಿಗೆ ಮೀರಿದುದು. ಜಿಲ್ಲೆಗೆ ಒಂದನ್ನು ಕೊಂಡು ಶಾಲೆಗಳು ಸರದಿಯಾಗಿ ಬಳಸಿದರೆ ಒಳಿತು. ಇಲ್ಲಿ ಒಂದು ದೊಡ್ಡ ಎಚ್ಚರಿಕೆಯುಂಟು. ರಾತ್ರಿ ನೀಹಾರಿಕೆಗಳ ಚಿತ್ರ ತೆಗೆಯಲು ಇದೇ ಹೆಸರಿನ ಅಗ್ಗದ ಫಿಲ್ಟರುಗಳು ಮಾರಾಟಕ್ಕಿವೆ. ಹೆಸರು ಒಂದೇ ಆದರೂ ಅವುಗಳಲ್ಲಿ ಸೂರ್ಯನ ಕಾವನ್ನು ತಡೆಯುವ ವ್ಯವಸ್ಥೆಯೇ ಇಲ್ಲ. ಹೆಸರನ್ನು ನಂಬಿ ಅವುಗಳಿಂದ ಸೂರ್ಯನನ್ನು ನೋಡಿದವನು ಕಣ್ಣನ್ನು ತೆತ್ತಾನು.

ಈ ನಾಲ್ಕನ್ನೂ ತೂಗಿ ನೋಡಿದರೆ ಹಳ್ಳಿಯ ಶಾಲೆಗೆ ಎರಡನೆಯದೇ ಮೊದಲ ಆಯ್ಕೆ, ಮೊದಲನೆಯದು ಅದರ ಜೊತೆಗಾರ ಎಂಬುದು ನನ್ನ ನಿರ್ಣಯ. 60ರಿಂದ 80 ಮಿಲಿಮೀಟರ್ ವ್ಯಾಸದ, ಎರಡು ಮಸೂರಗಳ ಸಾದಾ ದೂರದರ್ಶಕ ಸಾಕು. ಸೂರ್ಯನ ಬಳಿ ನಮ್ಮ ಭೂಮಿಯಷ್ಟು ದೊಡ್ಡ ಕಲೆಯಿದ್ದರೆ 60 ಮಿಲಿಮೀಟರಿನದು ಅದನ್ನು ಸುಲಭವಾಗಿ ತೋರಿಸುವುದು. ಹಣ ಉಳಿದರೆ ವ್ಯಾಸಕ್ಕೆ ಸುರಿಯಬೇಡಿ. ಅಲುಗಾಡದ ಮುಕ್ಕಾಲಿ ಪೀಠಕ್ಕೆ ಕೊಡಿ. ಭೂಮಿಯ ತಿರುಗುವಿಕೆಯಿಂದ ಸೂರ್ಯನು ತನ್ನ ಅಗಲದಷ್ಟು ದೂರವನ್ನು ಸುಮಾರು ಎರಡು ನಿಮಿಷಗಳಲ್ಲಿ ಸರಿಯುವನು. ಆದುದರಿಂದ ಮೆಲ್ಲನೆ ತಿರುಗಿಸುವ ತಿರುಪುಗಳಿರುವ ಪೀಠವು ಅವಶ್ಯ. 40ರಿಂದ 60 ಪಟ್ಟು ಹಿಗ್ಗಿಸುವ ಒಂದು ನೇತ್ರಮಸೂರವಿದ್ದರೆ ಇಡೀ ಬಿಂಬವನ್ನು ಒಮ್ಮೆಗೇ ನೋಡಬಹುದು.

ಸಾಮಗ್ರಿಯು ಸರಿಯಾಗಿದ್ದರೂ ಬಳಸುವ ಕ್ರಮವು ತಪ್ಪಿದರೆ ಫಲವಿಲ್ಲ. ಪ್ರತಿಸಲವೂ ಫಿಲ್ಟರನ್ನು ವಿದ್ಯುದ್ದೀಪಕ್ಕೆ ಹಿಡಿದು ಸೂಜಿಮೊನೆಯಷ್ಟು ತೂತಾದರೂ ಇದೆಯೇ ಎಂದು ಪರೀಕ್ಷಿಸಬೇಕು. ತೂತು, ಗೀರು, ಲೇಪ ಎದ್ದ ಗುರುತು ಕಂಡರೆ ಅದನ್ನು ಅಂದೇ ಬಿಸಾಡಬೇಕು. ಗಾಳಿಗೆ ಹಾರದಂತೆ, ಮಗುವಿನ ಕೈ ತಗುಲಿದರೆ ಬೀಳದಂತೆ ಅದನ್ನು ಅಂಟುಪಟ್ಟಿಯಿಂದ ಕೊಳವೆಗೆ ಭದ್ರಪಡಿಸಬೇಕು. ಪಕ್ಕದಲ್ಲಿರುವ ಫೈಂಡರು ಎಂಬ ಪುಟ್ಟ ದೂರದರ್ಶಕವನ್ನು ಜನರು ಮರೆಯುವರು; ಅದೂ ಸೂರ್ಯನನ್ನು ಕಣ್ಣಿಗೆ ತರುವ ಮಸೂರವೇ ಸರಿ, ಅದನ್ನು ಕಳಚಿಡಬೇಕು. ಸೂರ್ಯನಿಗೆ ಗುರಿಯಿಡಲು ಕೊಳವೆಯ ಉದ್ದಕ್ಕೂ ಕಣ್ಣು ಹಾಯಿಸಬಾರದು. ನೆಲದ ಮೇಲೆ ಬೀಳುವ ಕೊಳವೆಯ ನೆರಳನ್ನು ನೋಡುತ್ತ ತಿರುಗಿಸಿದರೆ, ನೆರಳು ಅತ್ಯಂತ ಕಿರಿದಾದಾಗ ದೂರದರ್ಶಕವು ಸೂರ್ಯನನ್ನೇ ನೋಡುತ್ತಿರುವುದು. ಮೊದಲು ಫಿಲ್ಟರು, ಆಮೇಲೆ ಗುರಿ; ಮುಗಿಸುವಾಗ ಮೊದಲು ದೂರದರ್ಶಕವನ್ನು ಬೇರೆ ಕಡೆಗೆ ತಿರುಗಿಸಿ ಆಮೇಲೆ ಫಿಲ್ಟರು ತೆಗೆಯುವುದು. ಎಲ್ಲಕ್ಕಿಂತ ಮಿಗಿಲಾಗಿ, ಬಿಸಿಲಿನಲ್ಲಿ ದೂರದರ್ಶಕವು ನಿಂತಿರುವಷ್ಟು ಹೊತ್ತೂ ಒಬ್ಬ ದೊಡ್ಡವರು ಅದರ ಪಕ್ಕವನ್ನು ಬಿಟ್ಟು ಕದಲಬಾರದು. ಗ್ರಹಣದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮರೆಯಾದರೂ ಉಳಿದ ಒಂದು ಪಾಲಿನ ಪ್ರಖರತೆ ಕುಗ್ಗುವುದಿಲ್ಲವಾದುದರಿಂದ, ಖಂಡಗ್ರಾಸದಲ್ಲಾಗಲಿ ಕಂಕಣದಲ್ಲಾಗಲಿ ಫಿಲ್ಟರನ್ನು ಒಂದು ಕ್ಷಣವೂ ತೆಗೆಯುವಂತಿಲ್ಲ.

ಇಷ್ಟು ಶ್ರಮಪಟ್ಟು ನೋಡುವುದರಿಂದ ಬರುವ ಲಾಭವೇನೆಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ನಮಗೆ ದಕ್ಷಿಣದಲ್ಲಿರುವ ಕೊಡೈಕಾನಲ್ ಬೆಟ್ಟದಲ್ಲಿದೆ. ಅಲ್ಲಿ 1899ರಲ್ಲಿ ಸ್ಥಾಪಿತವಾದ ಸೌರ ವೀಕ್ಷಣಾಲಯವು ಇಪ್ಪತ್ತನೆಯ ಶತಮಾನದ ಆದಿಯಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದಿದೆ. ಬರಿಯ ಬಿಳಿಬೆಳಕಿನಲ್ಲಿ ಬಿಂಬವನ್ನು ದಾಖಲಿಸಲು ಅಲ್ಲಿ ಬಳಸಿದುದು 10 ಸೆಂಟಿಮೀಟರ್, 15 ಸೆಂಟಿಮೀಟರ್ ವ್ಯಾಸದ ಮಸೂರಗಳು. 1909ರಲ್ಲಿ ಜಾನ್ ಎವರ್‌ಶೆಡ್ ಎಂಬ ವಿಜ್ಞಾನಿಯು ಸೂರ್ಯನ ಕಲೆಗಳ ಅಂಚಿನಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಅಲ್ಲಿಯೇ ಕಂಡುಹಿಡಿದನು. ಆ ವೀಕ್ಷಣಾಲಯವನ್ನು ಈಗ ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. 2023ರ ಸೆಪ್ಟೆಂಬರ್ 2ರಂದು ಗಗನಕ್ಕೇರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ನಿರ್ಮಿಸಿದುದೂ ಅದೇ ಸಂಸ್ಥೆ. ಆ ಉಪಕರಣವೂ ಸೂರ್ಯಬಿಂಬದ ಪ್ರಖರ ಬೆಳಕನ್ನು ಬೇರ್ಪಡಿಸಿ ಹೊರಹಾಕಿಯೇ ಸುತ್ತಣ ಕರೋನಾದ ಕ್ಷೀಣವಾದ ಬೆಳಕನ್ನು ನೋಡುವುದು. ಹೆಚ್ಚಿನ ಬೆಳಕನ್ನು ಮೊದಲು ದೂರಮಾಡು, ಆಮೇಲೆ ನೋಡು ಎಂಬ ನಿಯಮವು ಹಳ್ಳಿಯ ಶಾಲೆಗೂ ಗಗನನೌಕೆಗೂ ಒಂದೇ.

ನಮ್ಮ ಮಕ್ಕಳು ಸಹ ಇದನ್ನು ಮಾಡಬಲ್ಲರು. ನೆಲ ಕಾದು ಗಾಳಿ ನಡುಗುವುದಕ್ಕೆ ಮುಂಚೆ, ಬೆಳಗ್ಗೆ ಎಂಟರಿಂದ ಹತ್ತರೊಳಗೆ, ಕಾಂಕ್ರೀಟಿನ ಮೇಲಲ್ಲದೆ ಹುಲ್ಲುನೆಲದ ಮೇಲೆ ದೂರದರ್ಶಕವನ್ನು ನಿಲ್ಲಿಸಿ, ದಿನಕ್ಕೊಂದು ಹಾಳೆಯಲ್ಲಿ ವೃತ್ತ ಬರೆದು ಕಲೆಗಳನ್ನು ಗುರುತಿಸಲಿ. ಒಂದು ವಾರದಲ್ಲಿ ಕಲೆಗಳು ಸರಿಯುವುದನ್ನು ಕಂಡು ಸೂರ್ಯನು ತಿರುಗುವನೆಂದು ತಾವೇ ಅರಿಯುವರು. ನಮ್ಮ ಕಣ್ಣಿಗೆ ಆ ಒಂದು ಸುತ್ತು ಸುಮಾರು 27 ದಿನ. ವರ್ಷಗಟ್ಟಲೆ ಬರೆದರೆ 11 ವರ್ಷಗಳ ಏರಿಳಿತವನ್ನು ಕಾಣುವರು. 2019ರ ಡಿಸೆಂಬರಿನಲ್ಲಿ, ಆ ಕಂಕಣಗ್ರಹಣದ ತಿಂಗಳಿನಲ್ಲಿಯೇ, ಕಲೆಗಳು ಅತಿ ವಿರಳವಾಗಿದ್ದು ಹೊಸ ಚಕ್ರವು ಆರಂಭವಾಯಿತು. 2024ರ ಮೇ ತಿಂಗಳಿನಲ್ಲಿ ಭಾರಿ ಕಲೆಗಳ ಗುಂಪೊಂದರಿಂದ ಸಿಡಿದ ಕಣಗಳು ಲಡಾಖಿನ ಹಾನ್ಲೆಯ ಆಕಾಶವನ್ನೂ ಕೆಂಪಾಗಿಸಿದುವು. ಇಂತಹ ದೊಡ್ಡ ಸಂಗತಿಗಳ ಬೀಜವು ಶಾಲೆಯ ಅಂಗಳದಿಂದಲೇ ಕಾಣುವಂತಹದು.

2027ರ ಆಗಸ್ಟ್ 2ರ ಅಪರಾಹ್ನ ನಮ್ಮಲ್ಲಿ ಖಂಡಗ್ರಾಸ ಗ್ರಹಣವಿದೆ. 2031ರ ಮೇ 21ರಂದು ಕಂಕಣಗ್ರಹಣದ ಪಥವು ಕೇರಳ, ತಮಿಳುನಾಡುಗಳ ಮೇಲೆ ಹಾಯುವುದು. ಅಂದು ನಮ್ಮ ಸೀಮೆಯಲ್ಲಿಯೂ ಬಿಂಬದ ದೊಡ್ಡ ಭಾಗವು ಮರೆಯಾಗುವುದು. 2032ರ ನವೆಂಬರ್ 13ರಂದು ಬುಧನು ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆಯಾಗಿ ಸಾಗುವನು. ಅದನ್ನು ದೂರದರ್ಶಕವಿಲ್ಲದೆ ಕಾಣಲಾಗದು. ಆ ದಿನ ಬಂದಾಗ ಅಂಗಡಿಗೆ ಓಡುವುದು ವಿವೇಕವಲ್ಲ. ಅವಸರದಲ್ಲಿ ಕೊಂಡ ಫಿಲ್ಟರಿನ ಅಂಕೆಯನ್ನು ಯಾರೂ ಓದುವುದಿಲ್ಲ. ಈಗಲೇ ಫಿಲ್ಮನ್ನು ತರಿಸಿ, ಈಗಲೇ ಉಪಾಧ್ಯಾಯರು ಒಬ್ಬಿಬ್ಬರು ಪಳಗಿ, ಸಾಧಾರಣ ದಿನಗಳಲ್ಲಿ ಮಕ್ಕಳಿಗೆ ಸೂರ್ಯನನ್ನು ತೋರಿಸುತ್ತ ಬಂದರೆ, ಗ್ರಹಣದ ದಿನ ಊರಿನವರೆಲ್ಲ ಬಾಗಿಲು ತೆರೆದುಕೊಂಡು ಶಾಲೆಯ ಅಂಗಳಕ್ಕೆ ಬರುವರು; ಬಂದವರೆಲ್ಲರೂ ತಂದ ಕಣ್ಣನ್ನು ಹಾಗೆಯೇ ಕ್ಷೇಮವಾಗಿ ಮನೆಗೆ ಕೊಂಡೊಯ್ಯುವರು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಕೊಳ್ಳುವ ಸಾಮಾನುಗಳ ಪಟ್ಟಿಯಲ್ಲಿ ದೂರದರ್ಶಕದ ಹೆಸರಿಗಿಂತ ಮೇಲೆ ಮುಂಬಾಯಿಯ ಫಿಲ್ಟರಿನ ಹೆಸರನ್ನು ಬರೆಯಿರಿ.